ಮದ್ವೆಗೆ ಮೈಸೂರು ಪೇಟ: ರೆಡಿಮೇಡಾ, ಬಾಡಿಗೆದಾ, ಕೈಲಿ ಕಟ್ಟಿಸೋದಾ?

ಮೊದ್ಲೇ ಹೇಳ್ಬಿಡ್ತೀನಿ, ನನ್ ವೋಟು ಕೈಲಿ ಕಟ್ಟಿಸಿದ್ದಕ್ಕೇ. ನನ್ ಮದ್ವೇಲಿ 650 ರೂಪಾಯಿ ರೆಡಿಮೇಡ್ ಪೇಟ ಹಾಕ್ಕೊಂಡು ಪಟ್ಟ ಪಾಡು ಸಾಕಾಗಿ, ಹೋದ ವರ್ಷ ತಮ್ಮನ ಮದ್ವೆಗೆ ಮೈಸೂರಲ್ಲಿ ಒಬ್ರ ಹತ್ರ 2,800 ಕೊಟ್ಟು ಕಟ್ಟಿಸ್ದೆ, ಮಧ್ಯದಲ್ಲಿ ಭಾವಮೈದುನನ ಮದ್ವೇಲಿ ಬಾಡಿಗೆದೂ ನೋಡಿದ್ದಾಯ್ತು.

ರೆಡಿಮೇಡಿನ ತಲೆನೋವು ಸೈಜು. ಅಂಗಡೀಲಿ 'ಫ್ರೀ ಸೈಜ್ ಸಾರ್' ಅಂದ್ರು, ಹಾಕಿ ನೋಡ್ದಾಗ ಸರಿಯಾಗೇ ಇತ್ತು. ಆದ್ರೆ ಮದ್ವೆ ದಿನ ಬಾಸಿಂಗ ಕಟ್ತಾರಲ್ಲ, ಅದರ ದಾರ ಪೇಟದ ಮೇಲಿಂದ ಎಳೆದು ಹಿಂದೆ ಗಂಟು ಹಾಕಿದ ತಕ್ಷಣ ಇಡೀ ಪೇಟ ಹುಬ್ಬಿನ ತನಕ ಜಾರ್ತು. ಸರಿ ಮಾಡ್ಕೊಂಡೆ, ಮತ್ತೆ ಜಾರ್ತು. ಅಂತರಪಟ ಸರಿಸಿ ಅವಳು ನನ್ ತಲೆ ಮೇಲೆ ಜೀರಿಗೆ ಬೆಲ್ಲ ಹಾಕೋ ಹೊತ್ತಿಗೆ ಸರಿಯಾಗಿ ಕಣ್ಣಿಗೇ ಅಡ್ಡ ಬಂತು, ಆ ಕ್ಷಣದಲ್ಲಿ ಅವಳ ಮುಖ ನಾನು ನೋಡ್ಲೇ ಇಲ್ಲ. ಇವತ್ತಿಗೂ ಅದೊಂದು ಬೇಜಾರಿದೆ.

ಆಮೇಲೆ ಹೋಮದ ಮುಂದೆ ಕೂತ್ರೆ ಬೆವರು. ಒಳಗಡೆ ಇರೋದು ರಟ್ಟು, ಅದಕ್ಕೆ ತೆಳ್ಳಗೆ ಸ್ಪಂಜು, ಮೇಲೆ ಬಟ್ಟೆನ ಗಮ್ ಹಾಕಿ ಅಂಟಿಸಿರ್ತಾರೆ ಅಷ್ಟೆ. ರಟ್ಟು ನೆಂದು ಮೆತ್ತಗಾಯ್ತು, ಬಲಗಡೆ ಜರಿ ಪಟ್ಟಿ ಎದ್ದು ನಿಂತ್ಕೊಳ್ತು. ಆಲ್ಬಮ್ ತೆಗೆದ್ರೆ ಅರ್ಧಕ್ಕರ್ಧ ಫೋಟೋದಲ್ಲಿ ನನ್ನ ಎಡಗೈ ಪೇಟದ ಮೇಲೇ ಇದೆ.

ಬಾಡಿಗೆದು 300 ರೂಪಾಯಿ. ನೋಡೋಕೆ ಚೆನ್ನಾಗಿತ್ತು, ಆದ್ರೆ ಒಳಪಟ್ಟೀಲಿ ಹಿಂದಿನವರ ಎಣ್ಣೆ ಕಲೆ ಇತ್ತು, ನನಗಂತೂ ಬೇಡ.

ಕೈಲಿ ಕಟ್ಟೋರು ಮೊದ್ಲು ಹೇಳಿದ್ದೇ 'ಕಟಿಂಗ್ ಮಾಡಿಸ್ಕೊಂಡ್ ಬನ್ನಿ, ಆಮೇಲೆ ಅಳತೆ' ಅಂತ. ಕಿವಿಗಿಂತ ಸ್ವಲ್ಪ ಮೇಲೆ ಟೇಪ್ ಹಿಡಿದ್ರು, ತಮ್ಮಂದು ಇಪ್ಪತ್ತೆರಡೂವರೆ ಇಂಚು. ಅದೇ ಅಳತೆಯ ಮರದ ಅಚ್ಚಿನ ಮೇಲೆ ಬಟ್ಟೆನ ಓರೆಯಾಗಿ ಮಡಿಸ್ತಾ ಸುತ್ತಿ, ಒಂದೊಂದು ಮಡಿಕೇಲೂ ಜರಿ ಅಂಚು ಅಷ್ಟೇ ಅಗಲ ಕಾಣೋ ಹಾಗೆ ಹೆಬ್ಬೆರಳಲ್ಲಿ ಒತ್ತಿ ಒತ್ತಿ, ಸೂಜಿ ದಾರದಲ್ಲೇ ಹೊಲಿದ್ರು. ಗಮ್ ಇಲ್ವೇ ಇಲ್ಲ. ಸರ್ ಎಂ. ವಿಶ್ವೇಶ್ವರಯ್ಯ ಅವರ ಫೋಟೋ ನೋಡಿ, ಪೇಟದ ಅಂಚು ಎಷ್ಟು ನೀಟಾಗಿ ಕೂತಿರುತ್ತೆ, ಆ ತರ. ನಾಲ್ಕು ದಿನ ತಗೊಂಡ್ರು. ಬಾಸಿಂಗ ಕಟ್ಟಿದ್ರೂ ಒಂಚೂರು ಅಲ್ಲಾಡ್ಲಿಲ್ಲ.

ಜರಿ ವಿಷ್ಯ: ಅಸಲಿ ಜರಿ ಅಂದ್ರೆ ರೇಷ್ಮೆ ದಾರಕ್ಕೆ ಬೆಳ್ಳಿ ಎಳೆ ಸುತ್ತಿ ಚಿನ್ನದ ಲೇಪ ಕೊಟ್ಟಿರೋದು, ಅದು 2,800ಕ್ಕೆ ಬರಲ್ಲ. ನಮ್ಮದು ಇಮಿಟೇಶನ್ ಜರೀನೇ, ಅವರೇ ಅದನ್ನ ಮುಚ್ಚಿಡದೆ ಹೇಳಿದ್ರು. ಸೆಂಟ್ ಮಾತ್ರ ಹೊಡೀಬೇಡಿ, ಜರಿ ಕಪ್ಪಾಗುತ್ತೆ ಅಂದ್ರು.

ಸನ್ಮಾನಕ್ಕೆ ಹತ್ತು ನಿಮಿಷ ಹಾಕಿ ತೆಗೆಯೋದಾದ್ರೆ ರೆಡಿಮೇಡ್ ಸಾಕು. ಮುಹೂರ್ತಕ್ಕೆ ಬೇಕು ಅಂದ್ರೆ ಬೇರೆ ಎಲ್ಲಾದ್ರೂ ಉಳಿಸಿ ಇದಕ್ಕೆ ಕೊಡಿ, ನಾವು ಸ್ಟೇಜ್ ಹೂವಿನಲ್ಲಿ ಕಮ್ಮಿ ಮಾಡಿದ್ವಿ. ಮುಂದಿನ ತಿಂಗಳು ಚಿಕ್ಕಪ್ಪನ ಮಗನಿಗೂ ಅದೇ ಪೇಟ, ಅವನ ತಲೆ ಅರ್ಧ ಇಂಚು ಚಿಕ್ಕದು, ಅದಕ್ಕೆ ಒಳಗೆ ಇನ್ನೊಂದು ಪಟ್ಟಿ ಬಟ್ಟೆ ಹೊಲಿದು ಕೊಟ್ರು, ತಗೊಂಡಿದ್ದು ನೂರು ರೂಪಾಯಿ.