ಮುಖದ ಚಪ್ಪಟೆ ನರಹುಲಿ: ಕ್ರೀಮೋ, ಸುಡಿಸೋದೋ, ಸುಮ್ಮನೆ ಬಿಡೋದೋ?

ಹಣೆ, ಕೆನ್ನೆ, ಮುಂಗೈ ಮೇಲೆ 1ರಿಂದ 5 ಮಿ.ಮೀ. ಅಗಲದ ಚಪ್ಪಟೆ ಗುಳ್ಳೆಗಳು. ಕೆರೆದ, ಶೇವ್ ಮಾಡಿದ ಗೆರೆಯುದ್ದಕ್ಕೂ ಹಬ್ಬುತ್ತವೆ. ಕಾರಣ ಎಚ್‌ಪಿವಿ ವೈರಸ್. ಮೊದಲು ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೋ ಮಂಡ್ಯದ ಮಿಮ್ಸ್‌ನಲ್ಲೋ ಚರ್ಮದ ವೈದ್ಯರಿಗೆ ತೋರಿಸಿ ಖಚಿತಪಡಿಸಿಕೊಳ್ಳಿ.

ಸುಮ್ಮನೆ ಬಿಟ್ಟರೆ ಖರ್ಚಿಲ್ಲ, ಕಲೆಯಿಲ್ಲ. ಮಕ್ಕಳಲ್ಲಿ ಎಷ್ಟೋ ಸಲ ಒಂದೆರಡು ವರ್ಷದಲ್ಲಿ ತಾನೇ ಹೋಗುತ್ತದೆ. ಅವರಿಗೆ ಇದೇ ಸಾಕು.

ಹತ್ತಿಪ್ಪತ್ತು ಇದ್ದರೆ ವೈದ್ಯರು ಬರೆದುಕೊಡುವ ಟ್ರೆಟಿನಾಯಿನ್ ಕ್ರೀಮ್ (0.025% ಅಥವಾ 0.05%) ಮೇಲು. ರಾತ್ರಿ ಮುಖ ತೊಳೆದು, 20 ನಿಮಿಷ ಒಣಗಲು ಬಿಟ್ಟು, ಗುಳ್ಳೆಗಳಿಗಷ್ಟೇ ತೆಳ್ಳಗೆ ಹಚ್ಚಿ. ಶುರುವಿನಲ್ಲಿ ದಿನ ಬಿಟ್ಟು ದಿನ. ಕೆಂಪಾಗಿ ಸಿಪ್ಪೆ ಏಳುತ್ತದೆ, ಬಹಳ ಜನ ಕೈಬಿಡುವುದು ಅಲ್ಲೇ. ಫಲ ಕಾಣಲು ವಾರಗಳಲ್ಲ, ತಿಂಗಳುಗಳೇ ಬೇಕು. ಹಗಲು ಸನ್‌ಸ್ಕ್ರೀನ್ ತಪ್ಪಿಸಬೇಡಿ. ಗರ್ಭಿಣಿಯರಿಗೆ ಈ ಕ್ರೀಮ್ ಬೇಡ.

ಕಾಟರಿ (ವಿದ್ಯುತ್ ಬಿಸಿಯಿಂದ ಸುಡಿಸೋದು), ಕ್ರಯೋ (ಅತಿ ಶೀತದಿಂದ ಹೆಪ್ಪುಗಟ್ಟಿಸೋದು) ಬೇಗ ಮುಗಿಯುತ್ತವೆ. ಆದರೆ ನಮ್ಮ ಕಂದು ಚರ್ಮದಲ್ಲಿ ಕಪ್ಪು ಇಲ್ಲವೇ ಬಿಳಿ ಕಲೆ ಉಳಿಯಬಹುದು. ಎರಡೋ ಮೂರೋ ಇದ್ದರೆ ಸರಿ. ಮುಂದಿನ ತಿಂಗಳು ಮದುವೆ ಅಂತ ಅವಸರದಲ್ಲಿ ಸುಡಿಸಬೇಡಿ.

ಸುಣ್ಣ-ಸೋಡ ಆಯ್ಕೆಯೇ ಅಲ್ಲ, ಆ ಕ್ಷಾರ ಸುತ್ತಲಿನ ಚರ್ಮವನ್ನೂ ಸುಡುತ್ತದೆ. ಅಂಗಾಲಿನ ಆಣಿಗೆ ಕೊಡುವ ಸ್ಯಾಲಿಸಿಲಿಕ್ ಆಸಿಡ್ ಕೂಡ ಮುಖಕ್ಕಲ್ಲ. ಮೆಡಿಕಲ್ ಸ್ಟೋರ್‌ನಲ್ಲಿ ಕೇಳಿ ತಂದ ಸ್ಟಿರಾಯ್ಡ್ ಬೆರೆತ ಕ್ರೀಮ್ ಹಚ್ಚಿದರೆ ಅಲ್ಲಿನ ರೋಗನಿರೋಧಕ ಶಕ್ತಿ ಕುಗ್ಗಿ ಗುಳ್ಳೆ ಇನ್ನಷ್ಟು ಹರಡಬಹುದು.