ಅರವತ್ತು ಕಿಲೋ ಸರಳು, ನಾಲ್ಕು ತಂತ್ರಾಂಶ

ನಮ್ಮದು ಬೆಳಗಾವಿಯ ಉದ್ಯಮಬಾಗ್‌ನಲ್ಲಿರುವ ಸಣ್ಣ ಮಶೀನ್ ಶಾಪ್. ಹದಿನೆಂಟು ಕೆಲಸಗಾರರು, ಲೆಕ್ಕಪತ್ರಕ್ಕೆ ನಾನೊಬ್ಬಳು. ಆರ್ಡರ್ ಮಾಲೀಕರ ಮೊಬೈಲಿನಲ್ಲಿ, ಮಾಲು ಬಂದ ವಿವರ ಸ್ಟೋರಿನ ನೋಟ್‌ಬುಕ್ಕಿನಲ್ಲಿ, ಬಿಲ್ಲು ನನ್ನ ಕಂಪ್ಯೂಟರಿನಲ್ಲಿ. ಈ ಮೂರನ್ನೂ ಒಂದೇ ಕಡೆ ತರಬೇಕೆಂದು, ಖರೀದಿ, ದಾಸ್ತಾನು, ಲೆಕ್ಕಪತ್ರವನ್ನು ಒಟ್ಟಿಗೆ ನಡೆಸುವ ತಂತ್ರಾಂಶವಾದ ಇಆರ್‌ಪಿ ಕಲಿಯಲು ಕುಳಿತೆ. ಲೆಕ್ಕಪತ್ರದ ತಂತ್ರಾಂಶ ಟ್ಯಾಲಿಪ್ರೈಮ್ ಮೊದಲೇ ಕೈಗೆ ಪಳಗಿತ್ತು. ಇಆರ್‌ಪಿನೆಕ್ಸ್ಟ್ ಮತ್ತು ಓಡೂವನ್ನು ತಂಗಿಯ ಮಗ ಹಳೆಯ ಲ್ಯಾಪ್‌ಟಾಪಿಗೆ ಹಾಕಿಕೊಟ್ಟ. ಸ್ಯಾಪ್ ಅನ್ನು ಬೆಂಗಳೂರಿನ ತರಬೇತಿ ಕೇಂದ್ರವೊಂದರಲ್ಲಿ ಆರು ವಾರ ಕಲಿತೆ.

ನಾಲ್ಕಕ್ಕೂ ಒಂದೇ ಪರೀಕ್ಷೆ ಕೊಟ್ಟೆ. ಕಿಲೋಗೆ 80 ರೂಪಾಯಿಯಂತೆ 100 ಕಿಲೋ ಇಎನ್8 (ಒಂದು ಬಗೆಯ ಉಕ್ಕು) ಸರಳಿಗೆ ಆರ್ಡರ್. ಬಂದದ್ದು 60 ಕಿಲೋ. ಬಿಲ್ಲು ಮಾತ್ರ ಪೂರ್ತಿ 100ಕ್ಕೆ. ನಮ್ಮಲ್ಲಿ ತಿಂಗಳಿಗೆ ನಾಲ್ಕು ಸಲ ಆಗುವುದೇ ಇದು. ಅದರ ಜೊತೆಗೆ ಬೇಕೆಂದೇ ಎರಡು ತಪ್ಪು ಮಾಡಿದೆ: ಒಮ್ಮೆ 60ರ ಬದಲು 600, ಇನ್ನೊಮ್ಮೆ 66 ಎಂದು ಬರೆದೆ. ತಪ್ಪು ಬಿದ್ದಾಗ ತಂತ್ರಾಂಶ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ನೋಡಿದರೇ ಅದರ ಒಳಗಿನ ಲೆಕ್ಕ ತಿಳಿಯುತ್ತದೆ ಎಂದು ನಾನು ನಂಬಿದ್ದೇನೆ.

ಟ್ಯಾಲಿಯ ವೇಗಕ್ಕೆ ಸಾಟಿಯಿಲ್ಲ. ಎಫ್9 ಒತ್ತಿದರೆ ಖರೀದಿ, ಎಫ್5 ಒತ್ತಿದರೆ ಪಾವತಿ. ಹೊಸ ವ್ಯಾಪಾರಿಯ ಖಾತೆ ಬೇಕೆಂದರೆ ವೋಚರ್ (ವ್ಯವಹಾರದ ನಮೂದಿನ ಪುಟ) ಬಿಟ್ಟು ಹೊರಬರಬೇಕಿಲ್ಲ, ಅಲ್ಲೇ ಆಲ್ಟ್ ಸಿ ಒತ್ತಿ ತೆರೆಯಬಹುದು. ಕಲಿಯುವವರಿಗೆ ಶೈಕ್ಷಣಿಕ ಆವೃತ್ತಿ ಉಚಿತ. ಅದರಲ್ಲಿ ತಿಂಗಳ 1, 2, 31ನೇ ತಾರೀಕಿಗೆ ಮಾತ್ರ ನಮೂದು ಸಾಧ್ಯ, ಅಭ್ಯಾಸಕ್ಕೆ ಅಷ್ಟು ಸಾಕು. ಆರ್ಡರ್ ಮತ್ತು ಮಾಲು ಸ್ವೀಕೃತಿಯ ವೋಚರ್‌ಗಳನ್ನು ನಾವೇ ಚಾಲೂ ಮಾಡಬೇಕು. ನಾನು 600 ಎಂದು ಬರೆದಾಗ ತಡೆಯದೆ ತೆಗೆದುಕೊಂಡಿತು. ದಿನದ ನಮೂದುಗಳ ಪಟ್ಟಿಯಾದ ಡೇ ಬುಕ್‌ನಿಂದ ಆ ವೋಚರ್ ತೆರೆದು 60 ಎಂದು ತಿದ್ದಿದೆ, ಮುಗಿಯಿತು. ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ತಿದ್ದುಪಡಿಯ ಜಾಡು ಉಳಿಯಲೇಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದಕ್ಕಾಗಿ ಟ್ಯಾಲಿಯಲ್ಲಿ ಎಡಿಟ್ ಲಾಗ್ ಇದೆ. ಜಮಾ, ಖರ್ಚು, ಜಿಎಸ್‌ಟಿ ಗಟ್ಟಿಯಾಗಬೇಕೆಂದರೆ ಮೊದಲು ಇದನ್ನೇ ಕಲಿಯಿರಿ.

ಓಡೂ ನೋಡಲು ಎಲ್ಲಕ್ಕಿಂತ ಹಗುರ. 60 ಎಂದು ಬರೆದು ಒಪ್ಪಿದ ತಕ್ಷಣ ಅದು ಕೇಳಿತು: ಉಳಿದ 40ಕ್ಕೆ ಬಾಕಿ ಆರ್ಡರ್ ಮಾಡಲೇ? ಸ್ಟೋರ್ ನೋಡಿಕೊಳ್ಳುವ ಅಣ್ಣನಿಗೆ ತೋರಿಸಿದಾಗ ಈ ಪ್ರಶ್ನೆ ಅವರಿಗೆ ತುಂಬ ಹಿಡಿಸಿತು. ಅವರು ನೋಟ್‌ಬುಕ್ಕಿನ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡುವುದೂ ಅದನ್ನೇ. ಆದರೆ 600 ಎಂದಾಗ ಇದೂ ಒಪ್ಪಿಕೊಂಡಿತು. ಸರಿಪಡಿಸಲು ವಾಪಸಾತಿ ದಾಖಲೆ ಮಾಡಿದೆ. ಉಚಿತವಾದ ಕಮ್ಯುನಿಟಿ ಆವೃತ್ತಿಯಲ್ಲಿ ಖರೀದಿ, ದಾಸ್ತಾನು, ಬಿಲ್ಲು ಇವೆ. ಪೂರ್ಣ ಲೆಕ್ಕಪತ್ರ ಬೇಕೆಂದರೆ ಹಣ ಕೊಟ್ಟು ಪಡೆಯುವ ಆವೃತ್ತಿಗೇ ಹೋಗಬೇಕು.

ನನ್ನ ಕಣ್ಣು ತೆರೆಸಿದ್ದು ಇಆರ್‌ಪಿನೆಕ್ಸ್ಟ್. ಮುಂಬೈಯ ಫ್ರಾಪ್ಪೆ ಸಂಸ್ಥೆಯ ಈ ತಂತ್ರಾಂಶದ ಮೂಲಸಂಕೇತ ಎಲ್ಲರಿಗೂ ಮುಕ್ತ. 600 ಎಂದು ಬರೆದಾಗ, ಆರ್ಡರ್ ಮಾಡಿದ್ದಕ್ಕಿಂತ ಹೆಚ್ಚು ಮಾಲು ಪಡೆಯಲಾಗದು ಎಂದು ಅಲ್ಲೇ ನಿಲ್ಲಿಸಿತು. 100ಕ್ಕಿಂತ ಕಡಿಮೆಯಾದ್ದರಿಂದ 66 ದಾಟಿಕೊಂಡಿತು. ತಿದ್ದಲು ಹೋದರೆ ಅಂಕಿಯ ಮೇಲೆ ಕೈಯಿಡಲು ಬಿಡಲಿಲ್ಲ: ಒಮ್ಮೆ ಸಲ್ಲಿಸಿದ ದಾಖಲೆಯನ್ನು ರದ್ದು ಮಾಡಿ, ತಿದ್ದುಪಡಿ ಪ್ರತಿ ತೆಗೆದು, ಮತ್ತೆ ಸಲ್ಲಿಸಬೇಕು. ಹೊಸ ಪ್ರತಿಯ ಸಂಖ್ಯೆಯ ಕೊನೆಗೆ ‘-1’ ಸೇರುತ್ತದೆ. ಮೊದಲ ವಾರ ಇದು ಕಿರಿಕಿರಿ ಎನ್ನಿಸಿತು. ಕೈಬರಹದ ಖಾತೆಯಲ್ಲಿ ತಪ್ಪನ್ನು ಅಳಿಸದೆ, ಓದುವಂತೆಯೇ ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕೆಂದು ನನಗೆ ಕಲಿಸಿದ್ದ ಹಿರಿಯ ಗುಮಾಸ್ತರು ನೆನಪಾದ ಮೇಲೆ ಅದರ ಬೆಲೆ ತಿಳಿಯಿತು.

ಇನ್ನೊಂದು ಸಂಗತಿಯನ್ನು ಹತ್ತಿರದಿಂದ ನೋಡಿ. 60 ಕಿಲೋದ ಸ್ವೀಕೃತಿ ಸಲ್ಲಿಸಿದ ಮೇಲೆ ಅದೇ ಪುಟದಿಂದ ಲೆಕ್ಕದ ಲೆಡ್ಜರ್ ತೆರೆದೆ. ಬಿಲ್ಲನ್ನು ಇನ್ನೂ ದಾಖಲಿಸಿಯೇ ಇರಲಿಲ್ಲ, ಆದರೂ ಎರಡು ಸಾಲು ಮೂಡಿದ್ದವು: ದಾಸ್ತಾನಿಗೆ 4,800 ರೂಪಾಯಿ ಡೆಬಿಟ್, ‘ಮಾಲು ಬಂದಿದೆ, ಬಿಲ್ಲು ಬಂದಿಲ್ಲ’ ಎಂಬ ಅರ್ಥದ ಖಾತೆಗೆ 4,800 ಕ್ರೆಡಿಟ್. ಬಂದ 60 ಕಿಲೋದಷ್ಟಕ್ಕೆ ಬಿಲ್ಲು ದಾಖಲಿಸಿದ ಕೂಡಲೇ ಎರಡನೆಯ ಖಾತೆ ಚುಕ್ತಾ ಆಗಿ, ಆ ಮೊತ್ತ ವ್ಯಾಪಾರಿಯ ಹೆಸರಿಗೆ ಏರಿತು. ಸ್ಟೋರಿನ ನೋಟ್‌ಬುಕ್ಕಿಗೂ ನನ್ನ ಲೆಕ್ಕಕ್ಕೂ ನಡುವೆ ವರ್ಷಗಟ್ಟಲೆ ಕಾಣದೇ ಇದ್ದ ಸೇತುವೆ ಇದೇ. ಆ ದಿನ ಸಂಜೆ ಬಾಗಿಲು ಹಾಕುವ ಹೊತ್ತು ಮೀರಿದರೂ ಅದನ್ನೇ ನೋಡುತ್ತ ಕುಳಿತಿದ್ದೆ.

ಸ್ಯಾಪ್‌ನಲ್ಲಿ ಇದೇ ಸೇತುವೆಗೆ ಜಿಆರ್-ಐಆರ್ (ಮಾಲು ಸ್ವೀಕೃತಿ-ಬಿಲ್ಲು ಸ್ವೀಕೃತಿ) ಖಾತೆ ಎಂದು ಹೆಸರು. ಆರ್ಡರಿಗೆ ಎಂಇ21ಎನ್, ಸ್ವೀಕೃತಿಗೆ ಮಿಗೋ, ಬಿಲ್ಲಿಗೆ ಮಿರೋ ಎಂದು ಸಂಕೇತಗಳನ್ನು ಬಾಯಿಪಾಠ ಮಾಡಿಸಿದರು. ಇಲ್ಲೂ 600 ನಡೆಯಲಿಲ್ಲ. 66 ಅನ್ನು ತಿದ್ದಲು, 101 ಎಂಬ ಸಂಕೇತದ ಚಲನೆಯಿಂದ ಒಳಗೆ ಬಂದ ಮಾಲನ್ನು 102ರಿಂದ ಹಿಂದಕ್ಕೆ ತಿರುಗಿಸಬೇಕು. ಎರಡೂ ದಾಖಲೆ ಶಾಶ್ವತವಾಗಿ ಉಳಿಯುತ್ತವೆ. 100 ಕಿಲೋದ ಬಿಲ್ಲು ಹಾಕಿದಾಗ ದಾಖಲೆಯೇನೋ ಆಯಿತು, ಆದರೆ ಮಾಲು 60 ಮಾತ್ರ ಬಂದಿದ್ದರಿಂದ ಪಾವತಿಗೆ ತಡೆ ಬಿತ್ತು. ಆರ್ಡರ್, ಸ್ವೀಕೃತಿ, ಬಿಲ್ಲು ಮೂರನ್ನೂ ತಾಳೆ ನೋಡುವ ಈ ಕಟ್ಟುನಿಟ್ಟು ನನಗೆ ಬಹಳ ಮೆಚ್ಚುಗೆಯಾಯಿತು. ಆದರೆ ಮನೆಯಲ್ಲಿ ಕುಳಿತು ಅಭ್ಯಾಸ ಮಾಡಲು ಇದು ಸುಲಭಕ್ಕೆ ಸಿಗುವುದಿಲ್ಲ, ತರಬೇತಿಯೂ ದುಬಾರಿ. ದೊಡ್ಡ ಕಂಪನಿಯಲ್ಲಿ ಕೆಲಸ ಹುಡುಕುವವರು ಮಾತ್ರ ಆ ಖರ್ಚಿಗೆ ಇಳಿಯಲಿ. ಅದೂ ಖರೀದಿಯ ಹಾದಿಯನ್ನು ಬೇರೆಲ್ಲಾದರೂ ಅರಿತ ಮೇಲೆ. ನನ್ನ ತರಗತಿಯಲ್ಲಿ ಸಂಕೇತಗಳೆಲ್ಲ ಬಾಯಿಗೆ ಬರುತ್ತಿದ್ದ ಹುಡುಗರಿಗೆ, ಜಿಆರ್-ಐಆರ್‌ನಲ್ಲಿ ಬಾಕಿ ಏಕೆ ಉಳಿದಿದೆ ಎಂದು ಕೇಳಿದರೆ ಉತ್ತರ ತೋಚುತ್ತಿರಲಿಲ್ಲ.

ಹೊಸದಾಗಿ ಕಲಿಯುವವರಿಗೆ ನಾನು ಹೇಳುವ ಕ್ರಮ ಇದು: ಎರಡು ವಾರ ಟ್ಯಾಲಿ, ಆಮೇಲೆ ಒಂದು ತಿಂಗಳು ಇಆರ್‌ಪಿನೆಕ್ಸ್ಟ್. ಮಾರಾಟ ಮತ್ತು ಗೋದಾಮು ಮಾತ್ರ ನೋಡಿಕೊಳ್ಳುವವರು ಓಡೂವಿನಿಂದ ಶುರು ಮಾಡಿದರೂ ನಷ್ಟವಿಲ್ಲ. ನಮ್ಮ ಸ್ಟೋರಿನ ಅಣ್ಣ ಈ ವಾರ ಮೊದಲ ಸಲ ತಾವೇ ಇಆರ್‌ಪಿನೆಕ್ಸ್ಟ್‌ನಲ್ಲಿ ಸ್ವೀಕೃತಿ ಬರೆದರು. ಬಾಕಿ 40 ಕಿಲೋ ಪರದೆಯ ಮೇಲೆ ಕಂಡಿತು. ನೋಟ್‌ಬುಕ್ಕಿನ ಅಂಚಿನಲ್ಲೂ ಕೆಂಪು ಶಾಯಿಯಲ್ಲಿ ಅದನ್ನೇ ಬರೆದಿಟ್ಟುಕೊಂಡರು.