ಮೆಕೆಲ್ ಸ್ಕ್ಯಾನ್: ಮಗುವಿನ ಮಲದಲ್ಲಿ ರಕ್ತ, ಕಾರಣ ಮಾತ್ರ ಸಿಗದಿದ್ದಾಗ

5 ವರ್ಷದೊಳಗಿನ ಮಗುವಿಗೆ ಹೊಟ್ಟೆನೋವಿಲ್ಲದೆ ಮಲದಲ್ಲಿ ತುಂಬಾ ರಕ್ತ ಹೋಗುತ್ತಿದ್ದರೆ ವೈದ್ಯರ ಬಳಿ ಈ ಪರೀಕ್ಷೆಯನ್ನು ಕೇಳಲೇಬೇಕು. ಟೆಕ್ನೀಶಿಯಂ-99ಎಂ ಪರ್ಟೆಕ್ನೆಟೇಟ್ ಎಂಬ ಅಲ್ಪ ವಿಕಿರಣಶೀಲ ವಸ್ತುವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಸಣ್ಣಕರುಳಿನ ಮೆಕೆಲ್ ಚೀಲದಲ್ಲಿ (ಕೆಲವರಿಗೆ ಹುಟ್ಟಿನಿಂದಲೇ ಇರುವ ಪುಟ್ಟ ಉಬ್ಬು) ಜಠರದ ಒಳಪದರವಿದ್ದರೆ ಅದು ಜಠರದ ಜೊತೆಗೇ ಚಿತ್ರದಲ್ಲಿ ಹೊಳೆಯುತ್ತದೆ. ಎಂಡೋಸ್ಕೋಪಿ, ಕೊಲೊನೋಸ್ಕೋಪಿ ಸಾಮಾನ್ಯವಾಗಿ ತಲುಪದ ಜಾಗವದು.

ಕೆಲವು ಗಂಟೆ ಉಪವಾಸ ಬೇಕು. ತುಂಬಿದ ಮೂತ್ರಕೋಶ ಚೀಲವನ್ನು ಮರೆಮಾಡುತ್ತದೆ, ಮೊದಲೇ ಮೂತ್ರ ಮಾಡಿಸಿ. ಇತ್ತೀಚೆಗೆ ಬೇರಿಯಂ ಎಕ್ಸ್-ರೇ ಆಗಿದ್ದರೆ ಹೇಳಿ. ಜಠರದ ಆಮ್ಲ ಕಡಿಮೆ ಮಾಡುವ ಔಷಧಿ ಫ್ಯಾಮೊಟಿಡಿನ್ ಮುಂಚಿತವಾಗಿ ಕೊಟ್ಟರೆ ಗುರುತು ಸ್ಪಷ್ಟವಾಗುತ್ತದೆ. ಕೊಡುತ್ತಾರೆಯೇ ಎಂದು ವಿಚಾರಿಸಿ. ಸುಮಾರು 30ರಿಂದ 60 ನಿಮಿಷ ಪುಟ್ಟ ಮಗುವನ್ನು ಅಲುಗಾಡದಂತೆ ಮಲಗಿಸುವುದೇ ದೊಡ್ಡ ಕಷ್ಟ.

ನಮ್ಮ ದೊಡ್ಡ ತಕರಾರು: ‘ನೆಗೆಟಿವ್’ ಬಂದರೆ ಚೀಲವೇ ಇಲ್ಲವೆಂದಲ್ಲ. ಜಠರದ ಪದರವಿಲ್ಲದ ಚೀಲ ಹೊಳೆಯುವುದೇ ಇಲ್ಲ. ರಕ್ತ ನಿಲ್ಲದಿದ್ದರೆ ಮರು ಸ್ಕ್ಯಾನ್ ಅಥವಾ ಲ್ಯಾಪರೋಸ್ಕೋಪಿ (ಸಣ್ಣ ರಂಧ್ರದ ಮೂಲಕ ಕ್ಯಾಮೆರಾದಿಂದ ಹೊಟ್ಟೆಯೊಳಗೆ ನೋಡುವ ವಿಧಾನ) ಬಗ್ಗೆ ಮಕ್ಕಳ ಶಸ್ತ್ರಚಿಕಿತ್ಸಕರನ್ನು ಕಾಣಿ. ಮಗು ಬಿಳಿಚಿಕೊಂಡು ಸುಸ್ತಾದರೆ ಸ್ಕ್ಯಾನ್ ದಿನಾಂಕಕ್ಕೆ ಕಾಯದೆ ನೇರವಾಗಿ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.